ಮೂಗಿನ ಸರ್ಜರಿ ನಂತರ ಚರ್ಮದಲ್ಲಿ ಏನೇನಾಗುತ್ತೆ? ಮೊದಲ ದಿನದಿಂದ ಒಂದು ವರ್ಷದವರೆಗಿನ ಆರೈಕೆ

ಮೂಗಿನ ಆಕಾರ ತಿದ್ದುವ ಸರ್ಜರಿಗೆ ರೈನೋಪ್ಲಾಸ್ಟಿ ಅಂತಾರೆ. ಅದನ್ನು ಮಾಡಿಸಿಕೊಂಡವರು ಮೂಗಿನ ಆಕಾರದ ಬಗ್ಗೆ ಕೇಳುವುದಕ್ಕಿಂತ ಜಾಸ್ತಿ ಕೇಳುವುದು ಅದರ ಮೇಲಿನ ಚರ್ಮದ ಬಗ್ಗೆ. ಕಣ್ಣಿನ ಕೆಳಗೆ ಹಳದಿಯಾಗಿದೆ, ಪರವಾಗಿಲ್ವಾ? ಟೇಪ್ ತೆಗೆದ ಮೇಲೆ ಮೂಗಿನ ತುಂಬ ಮೊಡವೆ, ಏನು ಹಚ್ಚಲಿ? ತುದಿ ಮುಟ್ಟಿದರೆ ಗೊತ್ತೇ ಆಗಲ್ಲ, ನರ ಹೋಯ್ತಾ? ಮೂರು ತಿಂಗಳಾದರೂ ಕೆಂಪು ಇಳಿದಿಲ್ಲ, ಇನ್ನೆಷ್ಟು ದಿನ? ಈ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಈ ಚೇತರಿಕೆಯಲ್ಲಿ ಒಂದು ದಿನದ ನೋಟ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಅದು ಯಾವ ಕಡೆ ಸಾಗುತ್ತಿದೆ ಅನ್ನೋದನ್ನು ನೋಡಿ. ಬಣ್ಣ, ಊತ, ನೋವು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿದ್ದರೆ, ನೋಡಲು ಎಷ್ಟೇ ಕೆಟ್ಟದಾಗಿದ್ದರೂ ಕಾಯಬಹುದು. ಇಳಿದದ್ದು ಮತ್ತೆ ಏರಿದರೆ, ಅಥವಾ ಒಂದೇ ಕಡೆ ಜಾಸ್ತಿಯಾಗುತ್ತಾ ಹೋದರೆ, ಡಾಕ್ಟರಿಗೆ ಫೋನ್ ಮಾಡಿ. ಇಲ್ಲಿ ಹೇಳಿರುವುದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಇದ್ದರೆ ಅವರ ಮಾತನ್ನೇ ಪಾಲಿಸಿ. ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಅವರಿಗೆ.

ಚರ್ಮಕ್ಕೆ ಆಗುವುದೇನು?

ಸರ್ಜರಿಯಲ್ಲಿ ಮೂಗಿನ ಚರ್ಮವನ್ನು ಮೂಳೆ ಮತ್ತು ಮೃದ್ವಸ್ಥಿಯಿಂದ ಬಿಡಿಸಿ ಎತ್ತುತ್ತಾರೆ. ಮೃದ್ವಸ್ಥಿ ಅಂದರೆ ಮೂಗಿನ ಕೆಳಭಾಗಕ್ಕೆ ಆಕಾರ ಕೊಡುವ, ಬಾಗುವ ಗುಣದ ಮೆತ್ತನೆ ಮೂಳೆ. ಒಳಗಿನ ಚೌಕಟ್ಟನ್ನು ತಿದ್ದಿದ ಮೇಲೆ ಅದೇ ಚರ್ಮವನ್ನು ಮತ್ತೆ ಹೊದಿಸುತ್ತಾರೆ. ದಿಂಬು ಚಿಕ್ಕದಾಯ್ತು, ಕವರ್ ಮಾತ್ರ ಹಳೇ ಅಳತೆಯದೇ ಅಂದುಕೊಳ್ಳಿ. ಚರ್ಮ ನಿಧಾನಕ್ಕೆ ಕುಗ್ಗಿ ಹೊಸ ಚೌಕಟ್ಟಿಗೆ ಅಂಟಿಕೊಳ್ಳಬೇಕು. ಅದಕ್ಕೆ ತಿಂಗಳುಗಳೇ ಬೇಕು.

ಚರ್ಮ ಎತ್ತುವಾಗ ಸಣ್ಣ ಸಣ್ಣ ರಕ್ತನಾಳ, ನರದ ಎಳೆ, ದುಗ್ಧನಾಳ ಕತ್ತರಿಸಿ ಹೋಗುತ್ತವೆ. ದುಗ್ಧನಾಳಗಳ ಕೆಲಸ ಅಂಗಾಂಶದಲ್ಲಿ ನಿಂತ ನೀರನ್ನು ಹೊರಗೆ ಸಾಗಿಸುವುದು. ಅವು ತುಂಡಾದಾಗ ನೀರು ಅಲ್ಲೇ ನಿಂತು ಊತ ಬರುತ್ತೆ. ನರದ ಎಳೆ ತುಂಡಾದರೆ ಜೋಮು. ರಕ್ತನಾಳ ತುಂಡಾದರೆ ಮೊದಲು ನೀಲಿ, ಆಮೇಲೆ ಕೆಂಪು. ಮುಂದೆ ನೋಡುವ ಬದಲಾವಣೆಗಳಲ್ಲಿ ಹೆಚ್ಚಿನವು ಬರುವುದು ಇಲ್ಲಿಂದಲೇ.

ಇನ್ನೊಂದು ವಿಷಯ ತಿಳಿದಿರಲಿ. ಮೂಗಿನ ಚರ್ಮ ಎಲ್ಲ ಕಡೆ ಒಂದೇ ದಪ್ಪ ಇರಲ್ಲ. ಹುಬ್ಬುಗಳ ನಡುವೆ ದಪ್ಪ, ಮೂಗಿನ ದಿಂಡಿನ ಮಧ್ಯದಲ್ಲಿ ತೀರಾ ತೆಳು, ತುದಿಗೆ ಬಂದರೆ ಮತ್ತೆ ದಪ್ಪ. ಎಣ್ಣೆ ಗ್ರಂಥಿಗಳು ಒತ್ತೊತ್ತಾಗಿರುವುದೂ ತುದಿಯಲ್ಲಿ ಮತ್ತು ಹೊಳ್ಳೆಗಳ ಅಕ್ಕಪಕ್ಕ. ಹಾಗಾಗಿ ದಿಂಡು ಬೇಗ ಸರಿಹೋಗಿ, ತುದಿ ಮಾತ್ರ ತಿಂಗಳುಗಟ್ಟಲೆ ಊದಿ, ಜಿಡ್ಡಾಗಿ, ಗಟ್ಟಿಯಾಗಿ ಉಳಿಯುತ್ತೆ.

ಮೊದಲೇ ತಂದಿಟ್ಟುಕೊಳ್ಳಿ

ಸಲೈನ್, ಅಂದರೆ ಔಷಧಿ ಅಂಗಡಿಯಲ್ಲಿ ಸಿಗುವ ಶುದ್ಧ ಉಪ್ಪುನೀರು. ಹತ್ತಿ ಸುತ್ತಿದ ಕಡ್ಡಿ. ಡಾಕ್ಟರ್ ಬರೆದುಕೊಟ್ಟ ಮುಲಾಮು. ಪರಿಮಳ ಇಲ್ಲದ, ಸೌಮ್ಯವಾದ ಫೇಸ್‌ವಾಶ್ ಮತ್ತು ಮಾಯಿಶ್ಚರೈಸರ್. ತಣ್ಣನೆ ಪ್ಯಾಕ್, ಅದಕ್ಕೆ ಸುತ್ತಲು ತೆಳು ಬಟ್ಟೆ. ತಲೆ ಎತ್ತರಿಸಿ ಮಲಗಲು ಹೆಚ್ಚುವರಿ ದಿಂಬು. ಮುಂದೆ ಗುಂಡಿ ಇರುವ ಅಂಗಿಗಳು, ಯಾಕೆಂದರೆ ತಲೆಯ ಮೇಲಿಂದ ಎಳೆದು ಹಾಕುವ ಬಟ್ಟೆ ಮೂಗಿಗೆ ತಗಲುತ್ತೆ. ಅಗಲ ಅಂಚಿನ ಟೋಪಿ, ಆಮೇಲಿನ ದಿನಗಳಿಗೆ ಸನ್‌ಸ್ಕ್ರೀನ್. ಇಷ್ಟು ಸಾಕು. ಕಲೆ ಹೋಗಿಸುವ ಕ್ರೀಮ್, ಸ್ಕ್ರಬ್, ಮೂಗಿಗೆ ಅಂಟಿಸಿ ಕೀಳುವ ಪಟ್ಟಿ ಯಾವುದೂ ಬೇಡ.

1. ಸರ್ಜರಿಗೆ ಮೊದಲೇ ಬಾಯಿಬಿಟ್ಟು ಹೇಳಿ

ಚರ್ಮದ ತೊಂದರೆಗಳಲ್ಲಿ ಎಷ್ಟೋ ಇಲ್ಲೇ ತಪ್ಪುತ್ತವೆ. ಆದರೆ ಜನ ಹೇಳುವುದಿಲ್ಲ, ಇದೆಲ್ಲ ಯಾಕೆ ಬೇಕು ಅಂತ ಸುಮ್ನೆ ಇದ್ದುಬಿಡುತ್ತಾರೆ. ಈ ಕೆಳಗಿನವುಗಳಲ್ಲಿ ಯಾವುದಿದ್ದರೂ ಸರ್ಜನ್‌ಗೆ ಹೇಳಲೇಬೇಕು:

ಬ್ಯಾಂಡೇಜ್ ಅಥವಾ ಟೇಪಿನ ಅಂಟಿಗೆ ಹಿಂದೆ ಯಾವಾಗಲಾದರೂ ತುರಿಕೆ ಬಂದಿದೆಯಾ? ಗಾಯ ಆದ ಕಡೆ ಉಬ್ಬಿದ ಕಲೆ ಉಳಿಯುವ ಸ್ವಭಾವ ಇದೆಯಾ? ಅದರಲ್ಲೂ ಗಾಯದ ಅಂಚು ದಾಟಿ ಬೆಳೆಯುವ ಗಡ್ಡೆ, ಅಂದರೆ ಕೀಲಾಯ್ಡ್, ಆಗಿತ್ತಾ? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ತಿದ್ದೀರಾ, ಅಥವಾ ಇತ್ತೀಚೆಗೆ ನಿಲ್ಲಿಸಿದ್ದೀರಾ? ಮೂಗಿಗೆ ಹಿಂದೆ ಫಿಲ್ಲರ್ ಹಾಕಿಸಿದ್ದೀರಾ? ಫಿಲ್ಲರ್ ಅಂದರೆ ಉಬ್ಬು ತರಲು ಚರ್ಮದಡಿಗೆ ಚುಚ್ಚುವ ಜೆಲ್. ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ, ಗಿಡಮೂಲಿಕೆ ಮಾತ್ರೆ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದೆಯಾ?

ಎಲ್ಲಕ್ಕಿಂತ ಮುಖ್ಯವಾದದ್ದು ಸಿಗರೇಟು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಇನ್ನೂ ಕಿರಿದು ಮಾಡುತ್ತೆ. ಎತ್ತಿ ಮತ್ತೆ ಹೊದಿಸಿದ ಚರ್ಮ ಬದುಕುವುದು ಆ ನಾಳಗಳಿಂದಲೇ. ರಕ್ತ ತಲುಪದಿದ್ದರೆ ಚರ್ಮದ ತುಂಡು ಸತ್ತು ಕಪ್ಪಾಗಬಹುದು. ಸರ್ಜರಿಗೆ ಕನಿಷ್ಠ 4 ವಾರ ಮೊದಲು ಬಿಡಿ, ಆಮೇಲೂ ಕನಿಷ್ಠ 4 ವಾರ ಮುಟ್ಟಬೇಡಿ. ಇ-ಸಿಗರೇಟು, ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್ ಕೂಡ ಇದೇ ಲೆಕ್ಕ. ಬಿಡಲು ಆಗಿಲ್ಲ ಅಂದರೆ ಅದನ್ನು ಮುಚ್ಚಿಡಬೇಡಿ. ದಿನ ಮುಂದೂಡಿಸಿಕೊಳ್ಳುವುದರಲ್ಲಿ ನಷ್ಟ ಏನಿಲ್ಲ, ಚರ್ಮ ಕಳೆದುಕೊಂಡರೆ ತುಂಬಾ ನಷ್ಟ.

2. ಮೊದಲ 3 ದಿನ: ಊತ ಏರುವ ಕಾಲ

ಮೂಗಿನ ಮೇಲೆ ಸ್ಪ್ಲಿಂಟ್ ಇರುತ್ತೆ. ಮೂಗು ಅಲುಗಾಡದಂತೆ ಹಿಡಿದಿಡುವ ಗಟ್ಟಿ ಕವಚ ಅದು. ಕಣ್ಣಿನ ಸುತ್ತ ಊತ, ನೇರಳೆ ಬಣ್ಣ, ಕೆಲವರಿಗೆ ಕಣ್ಣಿನ ಬಿಳಿಭಾಗದಲ್ಲೂ ಕೆಂಪು ಚುಕ್ಕೆ. ಮೂಳೆಯನ್ನೂ ತಿದ್ದಿದ್ದರೆ ಇವೆಲ್ಲ ಜಾಸ್ತಿ. ಸರ್ಜರಿ ಆದ ದಿನಕ್ಕಿಂತ ಎರಡನೇ, ಮೂರನೇ ದಿನ ಮುಖ ಇನ್ನೂ ಕೆಟ್ಟದಾಗಿ ಕಾಣುತ್ತೆ. ಅದು ಮಾಮೂಲಿ. ಅಲ್ಲಿಂದ ಇಳಿಯಬೇಕು.

ಮೊದಲ 48 ಗಂಟೆ ತಣ್ಣನೆ ಪ್ಯಾಕ್ ಇಡಿ, ಕೆನ್ನೆಯ ಮೇಲೆ ಮತ್ತು ಕಣ್ಣಿನ ಸುತ್ತ ಮಾತ್ರ. ಮೂಗಿನ ಮೇಲೆ ಬೇಡ, ಅದಕ್ಕೆ ಭಾರ ಬೀಳಬಾರದು. ಒಂದು ಸಲಕ್ಕೆ 10ರಿಂದ 15 ನಿಮಿಷ, ನಡುವೆ ಬಿಡುವು, ಯಾವಾಗಲೂ ಬಟ್ಟೆ ಸುತ್ತಿಯೇ. ಜೋಮು ಹಿಡಿದ ಚರ್ಮಕ್ಕೆ ಚಳಿ ಸುಡುತ್ತಿರುವುದು ಗೊತ್ತಾಗಲ್ಲ.

ಮಲಗುವಾಗ ತಲೆ ಎದೆಗಿಂತ ಎತ್ತರದಲ್ಲಿರಲಿ, ಅಂಗಾತ ಮಲಗಿ. ಬಗ್ಗಬೇಡಿ, ಭಾರ ಎತ್ತಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಮೂಗು ಸೀಟಬೇಡಿ. ನೋವಿಗೆ ಬರೆದುಕೊಟ್ಟ ಮಾತ್ರೆ ಬಿಟ್ಟು ಬೇರೆ ತಗೊಳ್ಳಬೇಡಿ, ಕೆಲವು ನೋವಿನ ಮಾತ್ರೆಗಳು ರಕ್ತ ಸೋರುವುದನ್ನು ಹೆಚ್ಚಿಸುತ್ತವೆ.

ಕಾಯಬಾರದ ಲಕ್ಷಣಗಳು

ಹಂತಗಳ ನಡುವೆಯೇ ಇದನ್ನು ಹಾಕಿದ್ದೇನೆ. ಚರ್ಮಕ್ಕೆ ನಿಜವಾದ ಅಪಾಯ ಬರುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಆಗ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಮೂಗಿನ ತುದಿ ಅಥವಾ ಹೊಳ್ಳೆಗಳ ನಡುವಿನ ಕಂಬದಂಥ ಭಾಗ ಬೂದು, ಗಾಢ ನೀಲಿ ಅಥವಾ ಕಪ್ಪಾಗುತ್ತಿದ್ದರೆ, ಅಲ್ಲಿ ನೀರಿನ ಗುಳ್ಳೆ ಎದ್ದರೆ, ಸುತ್ತಲಿನ ಚರ್ಮಕ್ಕಿಂತ ತಣ್ಣಗಿದ್ದರೆ, ರಕ್ತ ಸರಿಯಾಗಿ ಓಡುತ್ತಿಲ್ಲ ಅಂತ ಅರ್ಥ. ಮನೆಯಲ್ಲೇ ಹೀಗೆ ನೋಡಬಹುದು. ಕೈ ತೊಳೆದು, ಕವಚದ ಹೊರಗೆ ಕಾಣುವ ತುದಿಯನ್ನು ಬೆರಳಿನಿಂದ ಒಂದು ಕ್ಷಣ ಹಗುರವಾಗಿ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಚಿ, ಸುಮಾರು 2 ಸೆಕೆಂಡಿನಲ್ಲಿ ಮತ್ತೆ ಬಣ್ಣ ಬರಬೇಕು. ಬಣ್ಣ ಬರಲು ತುಂಬಾ ಹೊತ್ತಾದರೆ, ಅಥವಾ ಬಿಳಿಚುವುದೇ ಇಲ್ಲವಾದರೆ, ಕೂಡಲೇ ಫೋನ್ ಮಾಡಿ. ಬಣ್ಣ ಸರಿಯಾಗಿ ಮರಳಿದರೂ ಚರ್ಮ ಕಪ್ಪಾಗುತ್ತಿರುವುದು ಕಂಡರೆ ಫೋನ್ ಮಾಡಲೇಬೇಕು.

ಸೋಂಕಾದರೆ ಇಳಿಯುತ್ತಿದ್ದ ನೋವು ಮತ್ತೆ ಏರುತ್ತೆ. ಜಾಗ ಬಿಸಿಯಾಗುತ್ತೆ, ಬಿಗಿಯುತ್ತೆ, ಕೀವು ಅಥವಾ ಕೆಟ್ಟ ವಾಸನೆ ಬರುತ್ತೆ, ಜ್ವರ ಬರಬಹುದು. ಕಂದು, ಕಪ್ಪು ಮೈಬಣ್ಣದವರು ಒಂದು ವಿಷಯ ಗಮನಿಸಿ. ಪುಸ್ತಕಗಳಲ್ಲಿ ಬರೆದಂತೆ ನಿಮ್ಮ ಚರ್ಮ ಕೆಂಪಗೆ ಕಾಣದೇ ಇರಬಹುದು. ಬರೀ ಇನ್ನಷ್ಟು ಗಾಢವಾಗಿ, ನೇರಳೆ ಅಥವಾ ಕಂದಾಗಿ ಕಾಣಬಹುದು. ಹಾಗಾಗಿ ಬಣ್ಣದ ಜೊತೆಗೆ ಬಿಸಿ, ಬಿಗಿತ, ನೋವನ್ನೂ ನೋಡಿ.

ಮೂಗಿನೊಳಗೆ ಹತ್ತಿ ಅಥವಾ ಬಟ್ಟೆಯ ಪ್ಯಾಕ್ ಇಟ್ಟಿದ್ದು, ಜೋರು ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ದದ್ದು ಒಟ್ಟಿಗೆ ಬಂದರೆ ನೇರ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೆ ಜೀವಕ್ಕೇ ಅಪಾಯ. ಕಣ್ಣು ಮಂಜಾದರೆ, ಮೂಗಿನಿಂದ ಸ್ವಚ್ಛ ನೀರಿನಂತೆ ಒಂದೇ ಸಮ ಸೋರಿದರೆ, ರಕ್ತ ನಿಲ್ಲದಿದ್ದರೆ, ಒಳಗೆ ಏನೋ ಉಬ್ಬಿ ಮೂಗು ಕಟ್ಟಿ ನೋವು ಹೆಚ್ಚುತ್ತಿದ್ದರೆ, ಆಗಲೂ ಅಷ್ಟೇ.

ರಾತ್ರಿ ಹೊತ್ತು ಅವರಿಗೆ ಯಾಕೆ ತೊಂದರೆ ಕೊಡುವುದು ಅಂತ ಸಂಕೋಚ ಪಡಬೇಡಿ. ತುರ್ತು ನಂಬರ್ ಕೊಟ್ಟಿರುವುದೇ ಇದಕ್ಕೆ.

3. 4ರಿಂದ 7ನೇ ದಿನ: ಬಣ್ಣ ಬದಲಾಗುತ್ತೆ, ಕವಚದಡಿ ತುರಿಸುತ್ತೆ

ಕಣ್ಣಿನ ಕೆಳಗಿನ ನೇರಳೆ ಈಗ ಹಸಿರು, ಆಮೇಲೆ ಹಳದಿಗೆ ತಿರುಗುತ್ತೆ. ಹೊರಗೆ ಸೋರಿದ ರಕ್ತವನ್ನು ದೇಹ ಒಡೆದು ಕರಗಿಸುವಾಗ ಬರುವ ಬಣ್ಣಗಳಿವು. ಕೆಲವೊಮ್ಮೆ ಕಲೆ ಕೆನ್ನೆಗೆ, ದವಡೆಗೆ ಇಳಿದು ಬರುತ್ತೆ. ರಕ್ತ ಭಾರಕ್ಕೆ ಕೆಳಗೆ ಜಾರಿದೆ, ಅಷ್ಟೇ. ಹೆಚ್ಚಿನವರಿಗೆ 10ರಿಂದ 14 ದಿನದಲ್ಲಿ ಮಾಸುತ್ತೆ.

ಕವಚದ ಅಡಿ ತುರಿಕೆ ಶುರುವಾಗುವುದೂ ಈಗಲೇ. ಬೆವರು, ಎಣ್ಣೆ, ಸತ್ತ ಚರ್ಮ ಅಲ್ಲೇ ಉಳಿದಿರುತ್ತೆ. ತಡೆಯಲಾರದೆ ಕಡ್ಡಿ, ಪೆನ್ನು ತೂರಿಸಿ ಕೆರೆಯುವವರಿದ್ದಾರೆ. ದಯವಿಟ್ಟು ಬೇಡ. ಒಳಗೆ ಗೀರಾದರೆ ಅದೇ ಸೋಂಕಿನ ಬಾಗಿಲು. ತುರಿಕೆಯ ಜೊತೆ ಉರಿ, ಕವಚದ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡರೆ ಅಂಟಿನ ಅಲರ್ಜಿ ಇರಬಹುದು. ಆಗ ನೀವೇ ಕವಚ ಕೀಳದೆ ಕ್ಲಿನಿಕ್ಕಿಗೆ ಹೇಳಿ. ಅವರು ಟೇಪ್ ಬದಲಿಸುತ್ತಾರೆ, ಬೇಕಾದರೆ ಮಾತ್ರೆ ಕೊಡುತ್ತಾರೆ.

ಕವಚ ಒದ್ದೆಯಾದರೆ ಅಂಟು ಬಿಡುತ್ತೆ. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಬೇರೆಯವರಿಂದ ತೊಳೆಸಿಕೊಳ್ಳಿ.

ಹೊಲಿಗೆ ಹೊರಗೆ ಇದ್ದರೆ ಡಾಕ್ಟರ್ ಹೇಳಿದಷ್ಟು ಸಲ ಸ್ವಚ್ಛ ಮಾಡಿ. ಕಡ್ಡಿಯ ಹತ್ತಿಯನ್ನು ಸಲೈನ್‌ನಲ್ಲಿ ಅದ್ದಿ, ಒಣರಕ್ತದ ಹಕ್ಕಳೆಯ ಮೇಲೆ ಸ್ವಲ್ಪ ಹೊತ್ತು ಹಿಡಿದು ಮೆತ್ತಗಾಗಲು ಬಿಡಿ. ಆಮೇಲೆ ಕಡ್ಡಿಯನ್ನು ಉರುಳಿಸಿ, ಉಜ್ಜಬೇಡಿ. ಬಂದಷ್ಟು ಬರಲಿ, ಬರದೇ ಇದ್ದದ್ದು ನಾಳೆ ಬರುತ್ತೆ. ಕಡ್ಡಿ ಹೊಳ್ಳೆಯ ಅಂಚು ದಾಟಿ ಒಳಗೆ ಹೋಗಬಾರದು. ಕೊನೆಗೆ ಬರೆದುಕೊಟ್ಟ ಮುಲಾಮು ತೆಳ್ಳಗೆ ಸವರಿ, ಹಕ್ಕಳೆ ಗಟ್ಟಿಯಾಗಲ್ಲ. ಮುಲಾಮು ಹಚ್ಚಿದ ಮೇಲೆ ತುರಿಕೆ, ಕೆಂಪು ಜಾಸ್ತಿಯಾದರೆ ಆ ಮುಲಾಮೇ ಒಗ್ಗುತ್ತಿಲ್ಲದಿರಬಹುದು. ಕೆಲವು ಆ್ಯಂಟಿಬಯಾಟಿಕ್ ಮುಲಾಮುಗಳಿಗೆ ಅಲರ್ಜಿ ಸಾಮಾನ್ಯ. ನಿಲ್ಲಿಸಿ, ಡಾಕ್ಟರನ್ನು ಕೇಳಿ.

4. ಕವಚ ಬಿಚ್ಚುವ ದಿನ

ಸಾಮಾನ್ಯವಾಗಿ 5ರಿಂದ 8ನೇ ದಿನದ ಒಳಗೆ ಕವಚ ತೆಗೆಯುತ್ತಾರೆ, ಹೊರಗಿನ ಹೊಲಿಗೆಯನ್ನೂ ಆಸುಪಾಸಿನಲ್ಲೇ ಬಿಚ್ಚುತ್ತಾರೆ. ಎಲ್ಲರೂ ಕಾಯುವ ದಿನ ಇದು. ಎಷ್ಟೋ ಜನ ಕನ್ನಡಿ ನೋಡಿ ಅಳುವುದೂ ಇದೇ ದಿನ. ಹಾಗಾಗಿ ಏನು ಕಾಣುತ್ತೆ ಅಂತ ಮೊದಲೇ ತಿಳಿದುಕೊಂಡು ಹೋಗಿ.

ಚರ್ಮ ಮಂಕಾಗಿ, ಜಿಡ್ಡುಜಿಡ್ಡಾಗಿ ಇರುತ್ತೆ. ಟೇಪಿನ ಅಂಟು ಅಲ್ಲಲ್ಲಿ ಮೆತ್ತಿಕೊಂಡಿರುತ್ತೆ. ಹಳದಿ ಬಣ್ಣದ ಸಿಪ್ಪೆ ಏಳುತ್ತೆ. ತುದಿಯಲ್ಲಿ ಒತ್ತಾಗಿ ಕಪ್ಪು ಚುಕ್ಕೆಗಳು, ಅಂದರೆ ಬ್ಲ್ಯಾಕ್‌ಹೆಡ್. ರಂಧ್ರಗಳು ಹಿಂದಿಗಿಂತ ದೊಡ್ಡದಾಗಿ ಕಾಣುತ್ತವೆ, ಯಾಕೆಂದರೆ ಊತ ಚರ್ಮವನ್ನು ಹಿಗ್ಗಿಸಿದೆ ಮತ್ತು ಒಂದು ವಾರದ ಎಣ್ಣೆ ಅಲ್ಲೇ ನಿಂತಿದೆ. ಮೂಗು ಅಗಲವಾಗಿ, ತುದಿ ಮೇಲಕ್ಕೆ ಎದ್ದಂತೆ ಇರುತ್ತೆ. ಕವಚದ ಒತ್ತಡ ಹೋದ ಮೇಲೆ ಮುಂದಿನ ಒಂದೆರಡು ದಿನ ಊತ ಇನ್ನೂ ಸ್ವಲ್ಪ ಏರುತ್ತೆ. ಇದು ನಿಮ್ಮ ಮೂಗಿನ ಕೊನೆಯ ರೂಪ ಅಲ್ಲ. ಆ ದಿನ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿ ಅಭಿಪ್ರಾಯ ಕೇಳಬೇಡಿ.

ಚರ್ಮ ತೊಳೆಯುವುದು ಹೀಗೆ. ಕೈ ತೊಳೆದುಕೊಳ್ಳಿ. ಉಗುರುಬೆಚ್ಚಗಿನ ನೀರಿನಿಂದ ಮೂಗನ್ನು ಒದ್ದೆ ಮಾಡಿ. ಫೇಸ್‌ವಾಶನ್ನು ಅಂಗೈಯಲ್ಲೇ ನೊರೆ ಮಾಡಿಕೊಂಡು, ಬೆರಳತುದಿಯಿಂದ ಮೂಗಿನ ಮೇಲೆ ಹರಡಿ. ಒತ್ತಡ ಎಷ್ಟಿರಬೇಕು ಅಂದರೆ, ಮುಚ್ಚಿದ ಕಣ್ಣಿನ ರೆಪ್ಪೆಯ ಮೇಲೆ ಬೆರಳಾಡಿಸುವಷ್ಟು. ನೀರು ಹನಿಸಿ ತೊಳೆದು, ಮೆತ್ತನೆ ಬಟ್ಟೆಯನ್ನು ಒತ್ತಿ ತೇವ ತೆಗೆಯಿರಿ. ದಿನಕ್ಕೆ ಎರಡು ಸಲ ಸಾಕು. ಉಳಿದ ಅಂಟು ಒಂದೇ ದಿನ ಹೋಗಬೇಕು ಅಂತೇನಿಲ್ಲ. ಸ್ಪಿರಿಟ್ ಹಚ್ಚಿ ಉಜ್ಜಬೇಡಿ. ಸಿಪ್ಪೆಯನ್ನು ಉಗುರಿನಿಂದ ಕೀಳಬೇಡಿ.

ಈ ಹಂತದಲ್ಲಿ ಚರ್ಮಕ್ಕೆ ಹೆಚ್ಚು ಹಾನಿ ಮಾಡುವುದು ಕೈ ಬೆರಳುಗಳೇ, ಬೇರೇನೂ ಅಲ್ಲ. ಬ್ಲ್ಯಾಕ್‌ಹೆಡ್ ಹಿಂಡುವುದು, ಪಟ್ಟಿ ಅಂಟಿಸಿ ಕೀಳುವುದು, ಆವಿ ಹಿಡಿಯುವುದು, ಸ್ಕ್ರಬ್ ಹಾಕುವುದು ಯಾವುದೂ ಬೇಡ. ಚರ್ಮ ಒಳಗಿನ ಚೌಕಟ್ಟಿಗೆ ಇನ್ನೂ ಅಂಟಿಲ್ಲ, ತಿದ್ದಿದ ಮೂಳೆ ಇನ್ನೂ ಕೂಡಿಲ್ಲ. ಹಿಂಡುವ ಬೆರಳಿನ ಒತ್ತಡ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತೆ. ಜೋಮಿನಿಂದಾಗಿ ನೋವು ನಿಮ್ಮನ್ನು ತಡೆಯುವುದೂ ಇಲ್ಲ.

5. ಟೇಪ್ ಹಾಕಲು ಹೇಳಿದ್ದರೆ

ಕೆಲವು ಸರ್ಜನ್‌ಗಳು, ಅದರಲ್ಲೂ ದಪ್ಪ ಚರ್ಮದವರಿಗೆ, ಮುಂದಿನ ಕೆಲವು ವಾರ ರಾತ್ರಿ ಹೊತ್ತು ಟೇಪ್ ಹಾಕಲು ಹೇಳುತ್ತಾರೆ. ಹೇಳಿದ್ದರೆ ಮಾತ್ರ ಹಾಕಿ. ಎಲ್ಲಿಂದ ಎಲ್ಲಿಗೆ, ಎಷ್ಟು ಬಿಗಿ ಅಂತ ಕ್ಲಿನಿಕ್ಕಿನಲ್ಲೇ ಅವರ ಎದುರು ಒಮ್ಮೆ ಹಾಕಿ ತೋರಿಸಿ. ಬಿಗಿ ಜಾಸ್ತಿ ಆದರೆ ಊತ ಬೇಗ ಇಳಿಯುತ್ತೆ ಅನ್ನೋದು ತಪ್ಪು. ರಕ್ತದ ಓಟಕ್ಕೇ ಅಡ್ಡಿಯಾಗುತ್ತೆ. ಟೇಪಿನಡಿ ಚರ್ಮ ಬಿಳಿಚಿದರೆ ಅಥವಾ ನೀಲಿಯಾದರೆ ಆಗಲೇ ತೆಗೆಯಿರಿ.

ಹೆಚ್ಚಿನ ತೊಂದರೆ ಆಗುವುದು ಹಾಕುವಾಗ ಅಲ್ಲ, ಕೀಳುವಾಗ. ಒಣಗಿದ ಟೇಪನ್ನು ಮೇಲಕ್ಕೆ ಎಳೆದರೆ ಚರ್ಮದ ತೆಳು ಪದರ ಅದರ ಜೊತೆಗೇ ಬರುತ್ತೆ. ಬದಲಿಗೆ ಮೊದಲು ಬೆಚ್ಚಗಿನ ನೀರಿನಿಂದ ಟೇಪನ್ನು ಚೆನ್ನಾಗಿ ನೆನೆಸಿ. ಒಂದು ತುದಿಯನ್ನು ಬಿಡಿಸಿ, ಅದನ್ನು ಟೇಪಿನ ಮೇಲೆಯೇ ಹಿಂದಕ್ಕೆ ಮಡಚಿ. ಇನ್ನೊಂದು ಕೈ ಬೆರಳಿನಿಂದ ಪಕ್ಕದ ಚರ್ಮವನ್ನು ಮೆಲ್ಲಗೆ ಅದುಮಿ ಹಿಡಿದು, ಚರ್ಮಕ್ಕೆ ತಾಗಿದಂತೆ, ನಿಧಾನಕ್ಕೆ ಸುತ್ತಿಕೊಂಡು ಬನ್ನಿ. ಅಂಟಿಕೊಂಡ ಕಡೆ ಇನ್ನಷ್ಟು ನೀರು ಹಾಕಿ, ಎಳೆಯಬೇಡಿ. ಹೊಸ ಟೇಪ್ ಹಾಕುವ ಮೊದಲು ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಟೇಪಿನ ಅಡಿ ಮಾಯಿಶ್ಚರೈಸರ್ ಹಚ್ಚಬೇಡಿ, ನಿಲ್ಲಲ್ಲ.

ಟೇಪಿನ ಅಳತೆಗೆ ಸರಿಯಾಗಿ, ಗೆರೆ ಎಳೆದಂತೆ ಕೆಂಪು ಮತ್ತು ತುರಿಕೆ ಬಂದರೆ ಅದು ಅಂಟಿನ ಅಲರ್ಜಿ. ಹಠ ಹಿಡಿದು ಮುಂದುವರಿಸಬೇಡಿ. ಬೇರೆ ಟೇಪ್ ಇದೆ, ಟೇಪ್ ಬಿಡುವ ಆಯ್ಕೆಯೂ ಇದೆ.

6. 2ರಿಂದ 6 ವಾರ: ಮೊಡವೆ, ಜೋಮು, ಕನ್ನಡಕ, ಬಿಸಿಲು

ಮೊಡವೆ ಹಿಂದೆ ಎಂದೂ ಬರದವರಿಗೂ ಈಗ ಬರಬಹುದು. ಚೆನ್ನಾಗಿ ತೊಳೆಯದೆ ಕಳೆದ ದಿನಗಳು, ಟೇಪು, ಮುಲಾಮು, ಊತ ಎಲ್ಲ ಸೇರಿ ರಂಧ್ರ ಮುಚ್ಚಿರುತ್ತವೆ. ಸೌಮ್ಯವಾಗಿ ತೊಳೆಯುತ್ತಾ ಬಂದರೆ ಬಹಳ ಜನಕ್ಕೆ ಕೆಲವು ವಾರಗಳಲ್ಲಿ ಹತೋಟಿಗೆ ಬರುತ್ತೆ. ರೆಟಿನಾಲ್, ಆ್ಯಸಿಡ್ ಇರುವ ಸೀರಮ್, ಸಿಪ್ಪೆ ಏಳಿಸುವ ಕ್ರೀಮ್‌ಗಳನ್ನು ಮತ್ತೆ ಶುರು ಮಾಡಲು ಸಾಮಾನ್ಯವಾಗಿ 4ರಿಂದ 6 ವಾರ ಕಾಯಿಸುತ್ತಾರೆ. ಅಷ್ಟರಲ್ಲಿ ಕೀವು ತುಂಬಿದ ದೊಡ್ಡ ಮೊಡವೆಗಳು ಎದ್ದರೆ ಕಾಯದೆ ತೋರಿಸಿ, ಒತ್ತಲು ಹೋಗಬೇಡಿ. ಟೂತ್‌ಪೇಸ್ಟ್, ನಿಂಬೆರಸ ಹಚ್ಚುವುದು ಆರೋಗ್ಯವಂತ ಚರ್ಮಕ್ಕೇ ಒಳ್ಳೆಯದಲ್ಲ, ಈ ಚರ್ಮಕ್ಕಂತೂ ಬೇಡವೇ ಬೇಡ.

ಹೊಲಿಗೆಯ ಜಾಗದಲ್ಲಿ ಮೊಡವೆಯಂಥ ಒಂದೇ ಗುಳ್ಳೆ ಬಂದು ಹೋಗಿ ಮಾಡುತ್ತಿದ್ದರೆ, ಅದು ಮೊಡವೆ ಅಲ್ಲದೇ ಇರಬಹುದು. ಒಳಗೆ ಕರಗದ ದಾರದ ತುಣುಕನ್ನು ಚರ್ಮ ಹೊರಗೆ ತಳ್ಳುತ್ತಿರಬಹುದು. ಡಾಕ್ಟರ್ ಅದನ್ನು ಸಲೀಸಾಗಿ ತೆಗೆಯುತ್ತಾರೆ. ನೀವು ದಾರ ಎಳೆಯಬೇಡಿ.

ಜೋಮು ತುದಿಯಲ್ಲಿ ಹೆಚ್ಚು, ಕೆಲವರಿಗೆ ಮೇಲ್ದುಟಿಯಲ್ಲೂ ಇರುತ್ತೆ. ವಾರಗಳಿಂದ ಹಿಡಿದು ಹಲವು ತಿಂಗಳವರೆಗೆ ಇರಬಹುದು. ನರದ ಎಳೆಗಳು ಬೆಳೆದು ಬರುವಾಗ ಜುಮುಜುಮು, ಚುಚ್ಚಿದಂತೆ, ತುರಿಸಿದಂತೆ ಆಗುತ್ತೆ. ಅದು ಒಳ್ಳೆಯ ಸೂಚನೆ. ಆದರೆ ಜೋಮು ಇರುವಷ್ಟು ದಿನ ಬಿಸಿಯಿಂದ ದೂರ ಇರಿ. ಹೇರ್ ಡ್ರೈಯರ್, ಬಿಸಿ ಆವಿ, ಕಾದ ಬಟ್ಟೆ ಸುಟ್ಟದ್ದು ನಿಮಗೆ ಗೊತ್ತೇ ಆಗಲ್ಲ, ಗುಳ್ಳೆ ಎದ್ದ ಮೇಲೆಯೇ ಗೊತ್ತಾಗುವುದು.

ಕನ್ನಡಕವನ್ನು ಸುಮಾರು 4ರಿಂದ 6 ವಾರ ಮೂಗಿನ ಮೇಲೆ ಕೂರಿಸಬೇಡಿ. ದಿಂಡಿನ ತೆಳು ಚರ್ಮದಲ್ಲಿ ಗುಳಿ ಬೀಳುತ್ತೆ, ಅಡಿಯ ಮೂಳೆಯೂ ಸರಿಯಬಹುದು. ತೂಕ ಹಣೆ, ಕೆನ್ನೆಗೆ ಬೀಳುವಂತೆ ಹೇಗೆ ಹಾಕಿಕೊಳ್ಳಬಹುದು ಅಂತ ಕ್ಲಿನಿಕ್ಕಿನಲ್ಲಿ ಕೇಳಿ. ತಂಪು ಕನ್ನಡಕಕ್ಕೂ ಇದೇ ನಿಯಮ.

ಬಿಸಿಲಿನ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. ಗಾಯ, ಊತ ಆದ ಚರ್ಮ ಬಿಸಿಲಿಗೆ ಸಿಕ್ಕರೆ ಅಲ್ಲಿ ಬಣ್ಣದ ಕಣಗಳು ಹೆಚ್ಚು ಹುಟ್ಟುತ್ತವೆ. ಕಂದು ಮೈಬಣ್ಣದವರಿಗೆ ಹೀಗೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಕಾಡುತ್ತೆ. ಕಣ್ಣಿನ ಕೆಳಗೆ ರಕ್ತ ಕರಗಿದ ಮೇಲೂ ಅದರ ಕಬ್ಬಿಣದ ಅಂಶ ಸ್ವಲ್ಪ ಉಳಿದು ಕಂದು ನೆರಳು ಬೀಳಬಹುದು. ಬಿಸಿಲು ಅದನ್ನೂ ಹೆಚ್ಚಿಸುತ್ತೆ. ಮೊದಲ ವಾರಗಳಲ್ಲಿ ಟೋಪಿ ಮತ್ತು ನೆರಳು. ಗಾಯ ಪೂರ್ತಿ ಕೂಡಿದ ಮೇಲೆ ದಿನಾ ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಜಿಂಕ್ ಆಕ್ಸೈಡ್ ಇರುವಂಥದ್ದು ಸೂಕ್ಷ್ಮ ಚರ್ಮಕ್ಕೆ ಉರಿ ಕಡಿಮೆ. ಎಸ್‌ಪಿಎಫ್ ಅಂದರೆ ಸುಡುವ ಕಿರಣಗಳಿಂದ ಸಿಗುವ ರಕ್ಷಣೆಯ ಅಳತೆ. ಒಂದು ವರ್ಷ ಇದನ್ನು ಬಿಡಬೇಡಿ.

ಮೇಕಪ್ ಬಗ್ಗೆ ಎರಡೇ ಮಾತು. ಗಾಯ ಇಲ್ಲದ ಕಡೆ ಕವಚ ತೆಗೆದ ಮೇಲೆ ಹಚ್ಚಬಹುದು, ಹೊಲಿಗೆಯ ಜಾಗಕ್ಕೆ ಡಾಕ್ಟರ್ ಸರಿ ಅನ್ನುವವರೆಗೆ ಬೇಡ. ಹಚ್ಚುವುದಕ್ಕಿಂತ ತೆಗೆಯುವಾಗ ಉಜ್ಜುವುದೇ ಹೆಚ್ಚು ತೊಂದರೆ.

7. ಗಾಯದ ಗೆರೆ

ಸರ್ಜರಿ ಎರಡು ಬಗೆ. ಪೂರ್ತಿ ಹೊಳ್ಳೆಯ ಒಳಗಿಂದಲೇ ಮಾಡಿದರೆ ಹೊರಗೆ ಗೆರೆ ಇರಲ್ಲ. ಇನ್ನೊಂದರಲ್ಲಿ ಹೊಳ್ಳೆಗಳ ನಡುವಿನ ಕಂಬಕ್ಕೆ ಅಡ್ಡಲಾಗಿ ಸಣ್ಣ ಕೊಯ್ತ ಇರುತ್ತೆ. ಹೊಳ್ಳೆಯ ಅಗಲ ಕಡಿಮೆ ಮಾಡಿಸಿದ್ದರೆ ಅದರ ಬುಡದ ಮಡಿಕೆಯಲ್ಲೂ ಗೆರೆ ಇರುತ್ತೆ. ಮೊದಲ ಕೆಲವು ತಿಂಗಳು ಗೆರೆ ಕೆಂಪಗೆ, ಸ್ವಲ್ಪ ಗಟ್ಟಿಯಾಗಿರುವುದು ಸಹಜ. ಒಂದು ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ಹುಡುಕಿದರೆ ಮಾತ್ರ ಕಾಣುವಷ್ಟಾಗುತ್ತೆ.

ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿದ ಮೇಲೆ ಡಾಕ್ಟರನ್ನು ಕೇಳಿ ಸಿಲಿಕೋನ್ ಜೆಲ್ ಶುರು ಮಾಡಬಹುದು. ತೆಳ್ಳಗೆ, ದಿನಕ್ಕೆ ಎರಡು ಸಲ, ಕನಿಷ್ಠ ಎರಡು ಮೂರು ತಿಂಗಳು. ನಡುನಡುವೆ ಬಿಟ್ಟರೆ ಪ್ರಯೋಜನ ಕಡಿಮೆ. ಗೆರೆ ದಿನೇ ದಿನೇ ಉಬ್ಬಿ, ತುರಿಸಿ, ಗಟ್ಟಿಯಾಗುತ್ತಿದ್ದರೆ ಬೇಗ ತೋರಿಸಿ. ಶುರುವಿನಲ್ಲೇ ಚಿಕಿತ್ಸೆ ಮಾಡುವುದು ಸುಲಭ.

8. 2ನೇ ತಿಂಗಳಿನಿಂದ ಒಂದು ವರ್ಷ

ಹೊರಗಿನವರಿಗೆ ಈಗ ಏನೂ ಗೊತ್ತಾಗಲ್ಲ, ನಿಮಗೆ ಮಾತ್ರ ಗೊತ್ತಾಗುತ್ತೆ. ಬೆಳಿಗ್ಗೆ ಮೂಗು ದಪ್ಪ, ಸಂಜೆಗೆ ಸಣ್ಣ. ಉಪ್ಪು ಜಾಸ್ತಿ ತಿಂದ ದಿನ, ಮದ್ಯ ಕುಡಿದ ದಿನ, ಬಿಸಿಲಲ್ಲಿ ಅಲೆದ ದಿನ, ವ್ಯಾಯಾಮ ಮಾಡಿದ ದಿನ ಊತ ಸ್ವಲ್ಪ ಮರಳುತ್ತೆ, ಆಮೇಲೆ ಇಳಿಯುತ್ತೆ. ಚಳಿಗೆ ತುದಿ ಕೆಂಪು ಅಥವಾ ನೀಲಿಗೆ ತಿರುಗಬಹುದು. ದಿನಕ್ಕೆ ಹತ್ತು ಸಲ ಕನ್ನಡಿ ನೋಡಿದರೆ ತಲೆಕೆಡುತ್ತೆ. ತಿಂಗಳಿಗೊಮ್ಮೆ ಅದೇ ಹೊತ್ತು, ಅದೇ ಬೆಳಕು, ಅದೇ ದೂರದಲ್ಲಿ ಫೋಟೋ ತೆಗೆಯಿರಿ. ಮುಖದ ತೀರಾ ಹತ್ತಿರ ಫೋನ್ ಹಿಡಿದರೆ ಮೂಗು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಬೇರೆಯವರಿಂದ ಸ್ವಲ್ಪ ದೂರದಿಂದ ತೆಗೆಸಿಕೊಳ್ಳಿ.

ತೆಳು ಚರ್ಮದವರಿಗೆ ಊತ ಬೇಗ ಇಳಿಯುತ್ತೆ, ಆದರೆ ಒಳಗಿನ ಸಣ್ಣ ಏರುತಗ್ಗುಗಳೂ ಕಾಣುತ್ತವೆ, ಕೆಂಪೂ ಎದ್ದು ಕಾಣುತ್ತೆ. ದಪ್ಪ, ಜಿಡ್ಡಿನ ಚರ್ಮದವರಿಗೆ ಏರುತಗ್ಗು ಮುಚ್ಚಿಹೋಗುತ್ತೆ, ಆದರೆ ತುದಿಯ ಊತ ಒಂದು ವರ್ಷ ದಾಟಿ ಒಂದೂವರೆ, ಎರಡು ವರ್ಷದವರೆಗೂ ಹೋಗಬಹುದು. ನಿಮ್ಮ ಜೊತೆ ಸರ್ಜರಿ ಮಾಡಿಸಿಕೊಂಡವರ ಮೂಗಿಗೆ ನಿಮ್ಮದನ್ನು ಹೋಲಿಸಬೇಡಿ. ಚರ್ಮವೇ ಬೇರೆ, ಅಲ್ವಾ?

ಊತ ಇಳಿಯಲಿ ಅಂತ ನೀವೇ ಮಸಾಜ್ ಶುರು ಮಾಡಬೇಡಿ. ಕೆಲವು ಮೂಗಿಗೆ ಅದು ಬೇಕು, ಕೆಲವಕ್ಕೆ ಅದೇ ಹಾನಿ. ತುದಿಯ ಮೇಲ್ಭಾಗದಲ್ಲಿ ಗಟ್ಟಿ ಉಬ್ಬು ನಿಂತರೆ ಸರ್ಜನ್ ಕೆಲವೊಮ್ಮೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಪ್ರಮಾಣ ಮೀರಿದರೆ ಆ ಜಾಗದ ಚರ್ಮ ತೆಳುವಾಗಿ, ಬಿಳಿಚಿ, ಗುಳಿ ಬೀಳುತ್ತೆ. ಹಾಗಾಗಿ ಅದನ್ನು ಕೇಳಿ ಹಾಕಿಸಿಕೊಳ್ಳುವ ಆತುರ ಬೇಡ, ಆ ಮೂಗಿನ ಸರ್ಜನ್ ಬಿಟ್ಟು ಬೇರೆಯವರ ಕೈಯಲ್ಲಂತೂ ಬೇಡ. ದಪ್ಪ ಚರ್ಮಕ್ಕೆ ಕೆಲವರಿಗೆ ಕಡಿಮೆ ಪ್ರಮಾಣದ ಐಸೊಟ್ರೆಟಿನಾಯಿನ್ ಬರೆಯುತ್ತಾರೆ. ಗರ್ಭದಲ್ಲಿರುವ ಮಗುವಿಗೆ ಅದರಿಂದ ತೀವ್ರ ಹಾನಿಯಾಗುತ್ತೆ. ಚೀಟಿ ಇಲ್ಲದೆ, ಬೇರೆಯವರ ಮಾತ್ರೆ ತಗೊಂಡು ನುಂಗುವ ಔಷಧಿ ಇದಲ್ಲ.

ಕೂದಲೆಳೆಯಂಥ ಕೆಂಪು ನಾಳಗಳು ಕೆಲವರಿಗೆ ಶಾಶ್ವತವಾಗಿ ಉಳಿಯುತ್ತವೆ, ಎರಡನೇ ಸಲ ಸರ್ಜರಿ ಆದವರಲ್ಲಿ ಜಾಸ್ತಿ. ಕ್ರೀಮಿನಿಂದ ಅವು ಹೋಗಲ್ಲ. ಕೆಂಪಿನ ಮೇಲೆ ಕೆಲಸ ಮಾಡುವ ಲೇಸರ್ ಇದೆ, ಚರ್ಮದ ಡಾಕ್ಟರ್ ಮತ್ತು ಸರ್ಜನ್ ಇಬ್ಬರೂ ಸರಿ ಅಂದ ಮೇಲೆ ಮಾಡಿಸಬಹುದು.

ಕೊನೆಯದಾಗಿ, ಸಣ್ಣ ಗುಳಿ ಕಂಡಿತು ಅಂತ ಅದನ್ನು ತುಂಬಿಸಲು ಬ್ಯೂಟಿ ಕ್ಲಿನಿಕ್ಕಿನಲ್ಲಿ ಫಿಲ್ಲರ್ ಹಾಕಿಸಿಕೊಳ್ಳಬೇಡಿ. ಸರ್ಜರಿ ಆದ ಮೂಗಿನಲ್ಲಿ ರಕ್ತನಾಳಗಳ ದಾರಿಯೇ ಬದಲಾಗಿರುತ್ತೆ. ಜೆಲ್ ನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು. ಆಕಾರದ ಬಗ್ಗೆ ನಿಜವಾಗಿಯೂ ಅಸಮಾಧಾನ ಇದ್ದರೆ, ತಿಂಗಳಿಗೊಮ್ಮೆ ತೆಗೆದ ಫೋಟೋಗಳನ್ನು ಹಿಡಿದು ಒಂದು ವರ್ಷದ ತಪಾಸಣೆಗೆ ಹೋಗಿ, ಊತ ಇನ್ನೂ ಉಳಿದಿದೆಯಾ ಅಂತ ಮೊದಲು ಕೇಳಿ. ತಿದ್ದುಪಡಿ ಸರ್ಜರಿಗೂ ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಕಾಯಿಸುತ್ತಾರೆ, ದಪ್ಪ ಚರ್ಮ ಇದ್ದರೆ ಇನ್ನೂ ಜಾಸ್ತಿ.